ಅಮೆರಿಕದ ಸಂಸತ್ತಿಗೆ ಬೇಕಿರುವುದು ರಾಜಿಯೇ?

ಪರ: ಹಠ ಸಾಕು

ಮೆಕ್ಸಿಕೋ ಗಡಿಗೋಡೆಗೆ 570 ಕೋಟಿ ಡಾಲರ್ ಬೇಕು ಅಂತ ಅಧ್ಯಕ್ಷ ಟ್ರಂಪ್ ಪಟ್ಟು ಹಿಡಿದರು. ಡೆಮಾಕ್ರಟಿಕ್ ಪಕ್ಷದವರು ಕೊಡುವುದಿಲ್ಲ ಅಂದರು. ಬಜೆಟ್ ಪಾಸಾಗದೆ 2018ರ ಡಿಸೆಂಬರ್ 22ರಿಂದ 35 ದಿನ ಎಷ್ಟೋ ಸರ್ಕಾರಿ ಕಚೇರಿಗಳಿಗೆ ಬೀಗ ಬಿತ್ತು. ಇದಕ್ಕೇ ಶಟ್‌ಡೌನ್ ಅನ್ನುವುದು. ಸುಮಾರು 8 ಲಕ್ಷ ನೌಕರರ ಸಂಬಳ ನಿಂತಿತು. ಕೊನೆಗೆ ಸಂಸತ್ತು ಬೇಲಿಗೆ ಕೊಟ್ಟದ್ದು 137.5 ಕೋಟಿ. ಇಷ್ಟಕ್ಕೆ ಅಷ್ಟೆಲ್ಲ ರಾದ್ಧಾಂತ ಬೇಕಿತ್ತಾ? 2025ರಲ್ಲಿ ಮತ್ತೆ ಶಟ್‌ಡೌನ್. ಈ ಸಲ 43 ದಿನ.

ಮೇರಿಲ್ಯಾಂಡ್‌ನಲ್ಲಿ ನನ್ನ ತಮ್ಮನ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದಾರೆ. ಸರ್ಕಾರಿ ಕಟ್ಟಡವೊಂದರಲ್ಲಿ ಗುತ್ತಿಗೆ ಮೇಲೆ ಗುಡಿಸಿ ಒರೆಸುವ ಕೆಲಸ ಅವರದು. 2019ರ ಜನವರಿಯಲ್ಲಿ ಅವರಿಗೆ ಕೆಲಸವೂ ಇರಲಿಲ್ಲ, ಕಾಸೂ ಇರಲಿಲ್ಲ. ತಮ್ಮನ ಹೆಂಡತಿ ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಊಟ ಕಳಿಸಿದರೆ, ಡಬ್ಬಿಯ ಜೊತೆ ಮಗುವಿಗೊಂದು ಉಲ್ಲನ್ ಟೋಪಿ ವಾಪಸ್ ಬಂತು. ಕೊನೆಗೆ ಅವಳು ಒಂದು ಸುಳ್ಳು ಹೇಳಿದಳು. 'ನನಗೆ ಕೈತುಂಬಾ ಕೆಲಸ, ಮಗಳನ್ನು ಸ್ಕೂಲಿನಿಂದ ಕರಕೊಂಡು ಬರ್ತೀರಾ, ಸಂಬಳ ಕೊಡ್ತೀನಿ' ಅಂದಳು. ಅದಕ್ಕೆ ಒಪ್ಪಿದರು. ಆ ಹುಡುಗಿ ಈಗಲೂ ಅವರನ್ನು ಅಜ್ಜಿ ಅಂತಲೇ ಕರೆಯುತ್ತಾಳೆ.

ವಿಷಯ ಎಲ್ಲಿಗೋ ಹೋಯಿತು. ಶಟ್‌ಡೌನ್ ಮುಗಿದ ಮೇಲೆ ನೌಕರರಿಗೆ ಬಾಕಿ ಸಂಬಳ ಬಂತು. ಈ ಅಜ್ಜಿಯಂಥ ಗುತ್ತಿಗೆಯವರಿಗೆ ಬರಲಿಲ್ಲ. ಹಠ ಮಾಡಿದ ನಾಯಕರ ಸಂಬಳ ಮಾತ್ರ ಒಂದು ದಿನವೂ ನಿಲ್ಲಲಿಲ್ಲ!

ರಾಜಿ ಆಗದ ಮಾತೇನಲ್ಲ. 1983ರಲ್ಲಿ ಸೋಶಿಯಲ್ ಸೆಕ್ಯೂರಿಟಿ ಪಿಂಚಣಿ ನಿಧಿ ಬರಿದಾಗುತ್ತಾ ಬಂದಿತ್ತು. ರಿಪಬ್ಲಿಕನ್ ಅಧ್ಯಕ್ಷ ರೇಗನ್, ಡೆಮಾಕ್ರಟಿಕ್ ಸ್ಪೀಕರ್ ಟಿಪ್ ಓನೀಲ್ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ತೆರಿಗೆ ಏರಿಕೆಗೆ ರೇಗನ್ ಪಕ್ಷ ಸಿಡಿಮಿಡಿಗೊಂಡಿತು. ಪೂರ್ತಿ ಪಿಂಚಣಿಯ ವಯಸ್ಸು 65ರಿಂದ ನಿಧಾನವಾಗಿ 67ಕ್ಕೆ ಏರುತ್ತದೆ ಅಂದಾಗ ಓನೀಲ್ ಪಕ್ಷ. ತಮ್ಮವರ ಕೈಲೇ ಬೈಸಿಕೊಳ್ಳುವ ಧೈರ್ಯ ಇಬ್ಬರಿಗೂ ಇತ್ತು.

ಈಗ? 2023ರ ಸೆಪ್ಟೆಂಬರ್ 30ರಂದು ರಿಪಬ್ಲಿಕನ್ ಸ್ಪೀಕರ್ ಕೆವಿನ್ ಮೆಕಾರ್ಥಿ ಎದುರು ಪಕ್ಷದ ವೋಟು ಪಡೆದು ಶಟ್‌ಡೌನ್ ತಪ್ಪಿಸಿದರು. ಮೂರೇ ದಿನಕ್ಕೆ ಅವರದೇ ಪಕ್ಷದ 8 ಮಂದಿ ತಿರುಗಿಬಿದ್ದರು. 216–210ರಲ್ಲಿ ಕುರ್ಚಿ ಹೋಯಿತು. ಇದಕ್ಕೂ 'ತತ್ವನಿಷ್ಠೆ' ಅನ್ನುವವರಿದ್ದಾರೆ. ಟಿವಿ ಕ್ಯಾಮೆರಾ ಆಫ್ ಆದರೆ ಅವರ ತತ್ವ ಎಷ್ಟು ಹೊತ್ತು ಉಳಿದೀತು?

ವಿರೋಧ: ಯಾರ ಖರ್ಚಿನಲ್ಲಿ ರಾಜಿ?

ಈ ಕಡೆ ನೀವು ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಶಟ್‌ಡೌನ್ ಒಳ್ಳೆಯದು ಅಂತ ನಾನೂ ಹೇಳಲಾರೆ. ಆದರೆ ರಾಜಿ ಅಂದ ಕೂಡಲೇ ಕೈಮುಗಿಯುವುದೂ ಬೇಡ.

ಅಮೆರಿಕದ ಹಳೆಯ ರಾಜಿಗಳನ್ನು ನೋಡಿ. 1787ರಲ್ಲಿ ಸಂವಿಧಾನ ಬರೆಯುವಾಗ, ಸಂಸತ್ತಿನ ಸೀಟು ಹಂಚುವ ಜನಸಂಖ್ಯೆಯ ಲೆಕ್ಕದಲ್ಲಿ ಗುಲಾಮರ ಐದರಲ್ಲಿ ಮೂರು ಪಾಲನ್ನಷ್ಟೇ ಎಣಿಸುವುದು ಅಂತ ರಾಜಿಯಾಯಿತು. 1850ರಲ್ಲಿ ಗುಲಾಮಗಿರಿಯ ಬಗ್ಗೆ ಇನ್ನೊಂದು ದೊಡ್ಡ ರಾಜಿ. ಅದರ ಜೊತೆಗೇ ಬಂದದ್ದು, ಓಡಿಹೋದ ಗುಲಾಮರನ್ನು ಹಿಡಿದು ಒಡೆಯನಿಗೆ ಒಪ್ಪಿಸುವ ಕಾನೂನು. ಕೈಕುಲುಕಿದವರೆಲ್ಲ ದೊಡ್ಡವರು ಅನ್ನಿಸಿಕೊಂಡರು. ಬೆಲೆ ತೆತ್ತವರು ಆ ಕೋಣೆಯಲ್ಲೇ ಇರಲಿಲ್ಲ. ಅಷ್ಟು ಮಾಡಿಯೂ 1861ರಲ್ಲಿ ಅಂತರ್ಯುದ್ಧ ತಪ್ಪಲಿಲ್ಲ.

ಜನಾಂಗಭೇದ ನಿಲ್ಲಿಸುವ 1964ರ ನಾಗರಿಕ ಹಕ್ಕು ಮಸೂದೆಯನ್ನು ದಕ್ಷಿಣದ ಸೆನೆಟರುಗಳು ಭಾಷಣ ಮಾಡಿ ಮಾಡಿಯೇ ತಡೆದಿದ್ದರು. ಮಸೂದೆಯ ಬೆನ್ನುಮೂಳೆ ಮುರಿದು ರಾಜಿಯಾಗಲು ಅಧ್ಯಕ್ಷ ಜಾನ್ಸನ್ ಒಪ್ಪಲಿಲ್ಲ. ಸೆನೆಟ್ 71–29 ವೋಟಿನಲ್ಲಿ ಚರ್ಚೆ ಮುಗಿಸಿತು. ರಿಪಬ್ಲಿಕನ್ ನಾಯಕ ಡರ್ಕ್ಸನ್ ಬೆಂಬಲಕ್ಕಾಗಿ ಕೆಲವು ತಿದ್ದುಪಡಿ ಆಗಿದ್ದು ನಿಜ. ಅದು ನನ್ನ ವಾದಕ್ಕೆ ಅಷ್ಟು ಅನುಕೂಲವಲ್ಲ, ಬಿಡಿ.

ಪರವಾಗಿ ಬರೆದವರು ಮೆಕಾರ್ಥಿ ಉದಾಹರಣೆ ಕೊಟ್ಟಿದ್ದಾರೆ. ಯಾರ ವೋಟಿನಿಂದ ಅವರು ಶಟ್‌ಡೌನ್ ತಪ್ಪಿಸಿದರೋ ಆ ಡೆಮಾಕ್ರಟರೂ ಅವರನ್ನು ಇಳಿಸಲು ಕೈ ಎತ್ತಿದರು ಅನ್ನುವುದನ್ನು ಹೇಳಿಲ್ಲ, ಅಲ್ವಾ? ಇನ್ನು ಸಂಬಳದ ವಿಷಯ. ನೌಕರರಿಗೆ ಬಾಕಿ ಕೊಡಲೇಬೇಕು ಅಂತ 2019ರಲ್ಲೇ ಕಾನೂನಾಗಿದೆ. ಬಜೆಟ್ ಪಾಸಾಗದಿದ್ದರೆ ಹಿಂದಿನ ವರ್ಷದ ಲೆಕ್ಕದಲ್ಲೇ ತಾನಾಗಿ ಹಣ ಹೋಗಲಿ ಅಂತ ಇನ್ನೊಂದು ಕಾನೂನು ಮಾಡಿದರೆ ಶಟ್‌ಡೌನ್ ಬೆದರಿಕೆಯೇ ಇರುವುದಿಲ್ಲ. ಸೆನೆಟ್‌ನಲ್ಲಿ ಚರ್ಚೆ ಮುಗಿಸಲು ಅದಕ್ಕೂ ನೂರರಲ್ಲಿ 60 ವೋಟು ಬೇಕಲ್ಲ, ಮತ್ತೆ ರಾಜಿಯೇ ಅಲ್ವಾ ಅಂತ ಕೇಳುತ್ತೀರಿ. ಹೌದು, ಬೇಕು.