ಕೊನೆಯ ದಿನಗಳ ಆರೈಕೆ ಮನೆ ಬಾಗಿಲಿಗೆ ಬರಬೇಕು

ಕಾಯಿಲೆ ವಾಸಿಯಾಗುವುದಿಲ್ಲ ಅಂತ ಗೊತ್ತಾದ ದಿನದಿಂದ ಆಸ್ಪತ್ರೆಯ ಕೆಲಸ ಕಡಿಮೆಯಾಗುತ್ತದೆ, ಮನೆಯವರ ಕೆಲಸ ಜಾಸ್ತಿಯಾಗುತ್ತದೆ. "ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಅನ್ನುತ್ತಾರೆ. ಆದರೆ ಮಾಡುವುದು ರಾಶಿ ಇರುತ್ತದೆ. ನೋವು, ಏದುಸಿರು, ವಾಂತಿ, ಮಲಬದ್ಧತೆ, ಮಲಗಿ ಮಲಗಿ ಬೆನ್ನಿಗೆ ಆಗುವ ಹುಣ್ಣು, ನಿದ್ದೆಯಿಲ್ಲದ ರಾತ್ರಿ, ಭಯ. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವೂ ಇದೆ. ಅದನ್ನು ಬಲ್ಲವರು ಆ ಮನೆಯವರೆಗೆ ಬರುವುದಿಲ್ಲ. ನನಗೆ ಸಂಕಟವಾಗುವುದು ಇದಕ್ಕೇ.

ನೋವು, ನರಳಾಟ ಇಳಿಸುವ ಈ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ವಾಸಿಯಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗ) ತೆರೆದರು. ಮೊದಲು ನರ್ಸ್ ಆಗಿದ್ದವರು, ಆಮೇಲೆ ಓದಿ ಡಾಕ್ಟರ್ ಆದರು. ನೋವು ತಾಳಲಾರದೆ ರೋಗಿ ಕೂಗುವವರೆಗೆ ಕಾಯಬೇಡಿ, ಅದು ಮರಳುವ ಮೊದಲೇ ಹೊತ್ತು ಹೊತ್ತಿಗೆ ಔಷಧಿ ಕೊಡಿ ಅಂದರು. 1969ರ ಹೊತ್ತಿಗೆ ಅವರ ತಂಡ ರೋಗಿಗಳ ಮನೆಗಳಿಗೇ ಹೋಗತೊಡಗಿತು. ಅಷ್ಟು ಹಿಂದೆಯೇ ಗೊತ್ತಾಗಿತ್ತು ನೋಡಿ, ಹಾಸಿಗೆಗಳನ್ನು ಹೆಚ್ಚಿಸಿದರೆ ಮಾತ್ರ ಸಾಲದು ಅಂತ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ ವರ್ಷ ಸುಮಾರು 5.68 ಕೋಟಿ ಜನರಿಗೆ ಈ ಆರೈಕೆ ಬೇಕು. ಸಿಗುತ್ತಿರುವುದು ಶೇ 14ರಷ್ಟು ಮಂದಿಗೆ. ಆ 5.68 ಕೋಟಿಯಲ್ಲಿ ಬದುಕಿನ ಕೊನೆಯ ವರ್ಷದಲ್ಲಿರುವವರು 2.57 ಕೋಟಿ ಮಾತ್ರ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಇನ್ನೂ ಬಾಳುವವರು. ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಯವರೂ ಇದರಲ್ಲಿದ್ದಾರೆ. ಆದರೂ ಈ ಆರೈಕೆಯ ಹೆಸರೆತ್ತಿದರೆ "ಹಾಗಾದರೆ ಆಸೆ ಬಿಟ್ಟಿರಾ?" ಅಂತ ಮನೆಯವರು ಬೆಚ್ಚಿಬೀಳುತ್ತಾರೆ. ಅವರ ತಪ್ಪಲ್ಲ. ತೀರಾ ಕೊನೆಗೆ ಮಾತ್ರ ಇದನ್ನು ಹೇಳುವುದು ನಮ್ಮ ಆಸ್ಪತ್ರೆಗಳ ರೂಢಿಯಾಗಿದೆ. ಬಾಸ್ಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯೇ ಹೇಳಿತು. ದೇಹದಲ್ಲಿ ಹರಡಿದ್ದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ, ಚಿಕಿತ್ಸೆಯ ಜೊತೆ ಮೊದಲಿನಿಂದಲೇ ಈ ಆರೈಕೆ ಸಿಕ್ಕವರಿಗೆ ಖಿನ್ನತೆ ಕಡಿಮೆಯಿತ್ತು. ಬದುಕಿದ ಅವಧಿಯೂ ಜಾಸ್ತಿ: 8.9 ತಿಂಗಳ ಬದಲು 11.6 ತಿಂಗಳು.

ಮನೆಗೆ ತಲುಪಿಸುವುದು ಆಗದ ಮಾತು ಅನ್ನುವವರು ಕೇರಳದ ಕಡೆ ನೋಡಬೇಕು. 1993ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಣ್ಣ ಕ್ಲಿನಿಕ್ ಆಗಿ ಶುರುವಾದ ಕೆಲಸ ಅದು. ಹಾಸಿಗೆ ಹಿಡಿದವರು ಕ್ಲಿನಿಕ್ಕಿಗೆ ಬರುವುದಾದರೂ ಹೇಗೆ? ಹಾಗಾಗಿ ಆರೈಕೆಯೇ ಮನೆಗೆ ಹೊರಟಿತು. ಊರಿನ ಸಾಮಾನ್ಯ ಜನ ತರಬೇತಿ ಪಡೆದರು, ದೇಣಿಗೆ ಕೂಡಿಸಿದರು, ನರ್ಸ್ ಜೊತೆ ಮನೆಮನೆಗೆ ನಡೆದರು. 2008ರಲ್ಲಿ ಸರ್ಕಾರವೇ ಇದಕ್ಕೊಂದು ನೀತಿ ತಂದಿತು. ನನ್ನ ಪ್ರಕಾರ ಅಲ್ಲಿ ಗೆದ್ದದ್ದು ದುಡ್ಡಲ್ಲ. ಪಕ್ಕದ ಬೀದಿಯ ರೋಗಿ ತಮ್ಮ ಜವಾಬ್ದಾರಿ ಅಂತ ಜನ ಒಪ್ಪಿಕೊಂಡರಲ್ಲ, ಅದು.

ಆದರೆ ಒಳ್ಳೆಯ ಮನಸ್ಸಿನಿಂದ ಕ್ಯಾನ್ಸರಿನ ನೋವು ಇಳಿಯುವುದಿಲ್ಲ. ಮಾರ್ಫಿನ್ ಬೇಕು. ಅಗ್ಗದ ಔಷಧಿ, ಬಾಯಲ್ಲೇ ತೆಗೆದುಕೊಳ್ಳಬಹುದು. ಹಾಗಿದ್ದೂ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಕೊಟ್ಟ ಲೆಕ್ಕದಲ್ಲಿ, ಜಗತ್ತಿಗೆಲ್ಲ ಹಂಚಿಕೆಯಾಗುತ್ತಿದ್ದ ಮಾರ್ಫಿನ್ ಮತ್ತು ಅದಕ್ಕೆ ಸಮನಾದ ಔಷಧಿಗಳ 298.5 ಟನ್ನಿನಲ್ಲಿ ತೀರಾ ಬಡ ದೇಶಗಳಿಗೆ ಸಿಕ್ಕಿದ್ದು 0.1 ಟನ್. ಕಾರಣಗಳು ಹಲವು: ಚಟ ಹತ್ತುತ್ತದೆ ಅನ್ನುವ ಭಯ, ಬಿಗಿಯಾದ ಕಾನೂನು, ಬರೆದುಕೊಡುವ ಅಧಿಕಾರ ಕೆಲವರಿಗೆ ಮಾತ್ರ. ನೋವು ಅಳೆದು, ಡಾಕ್ಟರ ನಿಗಾದಲ್ಲಿ ಕೊಟ್ಟರೆ ಚಟ ಹತ್ತುವುದು ಅಪರೂಪ. ಮಲಬದ್ಧತೆಯಂತೂ ಆಗಿಯೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೊಡಬೇಕು. ಡಾಕ್ಟರುಗಳು ಕಡಿಮೆಯಿರುವ ಉಗಾಂಡಾ 2004ರಲ್ಲಿ ವಿಶೇಷ ತರಬೇತಿ ಪಡೆದ ನರ್ಸ್‌ಗಳಿಗೂ ಮಾರ್ಫಿನ್ ಬರೆಯುವ ಅಧಿಕಾರ ಕೊಟ್ಟಿತು. ಉಳಿದ ದೇಶಗಳು ಯಾಕೆ ಹಿಂಜರಿಯಬೇಕು?

ಇನ್ನು ಮನೆಯವರಿಗೆ ಕಲಿಸಬೇಕಾದ ಸಣ್ಣ ಸಣ್ಣ ವಿಷಯಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒಣಗಿದ ಬಾಯಿಯನ್ನು ಒದ್ದೆ ಮಾಡುವುದು, ಉಸಿರಾಡಲು ಕಷ್ಟವಾದಾಗ ಮುಖಕ್ಕೆ ಫ್ಯಾನಿನ ಗಾಳಿ ಬೀಳುವಂತೆ ಕೂರಿಸುವುದು. ಕೊನೆಯ ದಿನಗಳಲ್ಲಿ ಹಸಿವು ಸತ್ತುಹೋಗುವುದು ಸಹಜ ಅಂತ ಯಾರಾದರೂ ಕೂತು ಹೇಳಬೇಕು. ಇಲ್ಲದಿದ್ದರೆ ಪ್ರೀತಿಯಿಂದಲೇ ಬಲವಂತವಾಗಿ ತಿನ್ನಿಸಿ, ಅದು ನೆತ್ತಿಗೇರಿ, ಆಮೇಲೆ ಜೀವನವಿಡೀ ಕೊರಗುತ್ತಾರೆ. ನೋಡಿಕೊಳ್ಳುವವರಿಗೂ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಬೇಕು. ನೆರೆಯವರು ಬಂದು ಸುಮ್ನೆ ಪಕ್ಕದಲ್ಲಿ ಕೂತರೂ ಆಯಿತು, ಅಲ್ವಾ?

ನಿಮ್ಮ ಮನೆಯಲ್ಲಿ ಈಗ ಇಂಥವರು ಇದ್ದರೆ, ಡಿಸ್ಚಾರ್ಜ್ ಆಗುವ ಮೊದಲು ಡಾಕ್ಟರ ಹತ್ತಿರ ಕೇಳಿ. ರಾತ್ರಿ ಎರಡು ಗಂಟೆಗೆ ನೋವು ಜಾಸ್ತಿಯಾದರೆ ಯಾರಿಗೆ ಫೋನ್ ಮಾಡಲಿ? ರಜೆಯ ದಿನ ಮಾತ್ರೆ ಮುಗಿದರೆ ಎಲ್ಲಿ ಸಿಗುತ್ತದೆ? ಮನೆಗೆ ಬಂದು ನೋಡುವ ನರ್ಸ್ ಇದ್ದಾರಾ? ಉತ್ತರವನ್ನು ಬರೆಸಿಕೊಳ್ಳಿ, ಫೋನ್ ನಂಬರ್ ಸಮೇತ.