ತಬಲಾ ಸಾಥ್ ಯಾರದು?

ನಿನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅಕ್ಕನ ಮಗನ ಕಾರಿನಲ್ಲಿ ಬಂದೆ. ನವನಗರ ದಾಟುತ್ತಿದ್ದಂತೆ ಅವನು ಮೊಬೈಲಿನಲ್ಲಿ, ತಿಂಗಳ ಚಂದಾ ಕಟ್ಟಿ ಕೇಳುವ ಸಂಗೀತದ ಆ್ಯಪಿನಿಂದ, ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಗಾಯನ ಹಚ್ಚಿದ. ನನಗಾಗಿಯೇ ಹಚ್ಚಿದ್ದು, ಅಷ್ಟು ಪ್ರೀತಿ ಅವನಿಗಿದೆ. ನಿಧಾನಗತಿಯ ವಿಲಂಬಿತ್ ಮುಗಿದು ವೇಗದ ದ್ರುತ್ ಹಿಡಿಯುವ ಹೊತ್ತಿಗೆ ತಬಲಾದ ಕೈ ಕೇಳಿ ನಾನು ನೆಟ್ಟಗೆ ಕೂತೆ. ಗಾಯಕಿಯ ದಾರಿಗೆ ಎಲ್ಲಿಯೂ ಅಡ್ಡ ಬರದೆ, ತಾಳದ ಮೊದಲ ಪೆಟ್ಟು, ಸಮ್, ಬಂದಾಗ ಮಾತ್ರ ತಾನಿದ್ದೇನೆ ಎಂದು ತೋರಿಸುವ ಕೈ.

"ತಬಲಾ ಸಾಥ್ ಯಾರದಪ್ಪ, ನೋಡಬಹುದೇ?" ಎಂದೆ. ಸಾಥ್ ಎಂದರೆ ಹಾಡುವವರ ಜೊತೆಗೆ ನುಡಿಸುವುದು. ಸಿಗ್ನಲ್ಲಿನಲ್ಲಿ ನಿಂತಾಗ ಮೊಬೈಲನ್ನೇ ನನ್ನ ಕೈಗೆ ಕೊಟ್ಟ. ಗಂಗೂಬಾಯಿಯವರ ಒಂದು ಫೋಟೊ, ಅವರ ಹೆಸರು, ಜಾಗ ಸಾಲದೆ ಅರ್ಧಕ್ಕೇ ತುಂಡಾದ ರಾಗದ ಹೆಸರು. ಅಷ್ಟೇ. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಅವರ ಬೆನ್ನ ಹಿಂದೆಯೇ ಬರುತ್ತಿದ್ದ ಎರಡನೆಯ ದನಿಯೂ ಇಲ್ಲ! ಆ ದನಿ ಅವರ ಮಗಳು ಕೃಷ್ಣಾ ಹಾನಗಲ್ಲರದು ಎಂದು ನನಗೆ ಗೊತ್ತು. ತಾಯಿಯ ಗಡಸು ಸ್ವರ ಒಂದು ಕಡೆ ನಿಂತಾಗ ಅಲ್ಲಿಂದ ಎತ್ತಿಕೊಂಡು ಮುಂದೆ ನಡೆಸುವ ದನಿ ಅದು. ಜೀವಮಾನವಿಡೀ ತಾಯಿಯ ಪಕ್ಕದಲ್ಲಿ ಕೂತು ಹಾಡಿದ ಹೆಣ್ಣುಮಗಳು 2004ರಲ್ಲಿ ತಾಯಿಗಿಂತ ಮೊದಲೇ ಹೋಗಿಬಿಟ್ಟರು. ಅವರ ಹೆಸರು ಬರೆಯಲು ಒಂದು ಸಾಲು ಜಾಗ ಇರಲಿಲ್ಲವೇ?

"ಅದನ್ನೆಲ್ಲ ತಿಳಿದುಕೊಂಡು ಏನು ಮಾಡುತ್ತೀರಿ ಮಾಮಾ? ಇಷ್ಟವಾಯಿತು ಎಂದು ಒಂದು ಸಲ ಒತ್ತಿ, ಇಂಥದ್ದೇ ಇನ್ನೂ ನೂರು ಬರುತ್ತವೆ. ತಿಂಗಳ ದುಡ್ಡು ಕಟ್ಟದಿದ್ದರೆ ಹೊಸ ಸಂಗೀತ ನಿಮಗೆ ಸಿಗುವುದಾದರೂ ಹೇಗೆ?" ಎಂದ.

ಆ ಪ್ರಶ್ನೆ ರಾತ್ರಿಯೆಲ್ಲ ನಿದ್ದೆ ಕೆಡಿಸಿತು. ಅವನ ಮೇಲೆ ಸಿಟ್ಟಿಲ್ಲ. ಇಪ್ಪತ್ತೈದು ವರ್ಷದ ಹುಡುಗನಿಗೆ ಹೀಗನ್ನಿಸುವಂತೆ ಮಾಡಿದ ವ್ಯವಸ್ಥೆಯ ಮೇಲೆ ಸಿಟ್ಟು. ನನಗೆ ಬೇಕಾಗಿರುವುದು "ಇಂಥದ್ದೇ" ನೂರಲ್ಲ. ಆ ತಬಲಾದವರು ಬೇರೆ ಯಾರ ಜೊತೆ ಕೂತಿದ್ದರು, ಅವರ ಗುರು ಯಾರು, ಆ ಮನೆಯಲ್ಲಿ ಮತ್ತೆ ಯಾರು ನುಡಿಸಿದರು ಎಂಬುದು ಬೇಕು. ಹೆಸರೊಂದು ಸಿಕ್ಕಿದ್ದರೆ ಮಿಕ್ಕದ್ದನ್ನು ನಾನೇ ಹುಡುಕಿಕೊಳ್ಳುತ್ತಿದ್ದೆ, ಒಂದು ಪೈಸೆಯ ಖರ್ಚಿಲ್ಲದೆ.

ಅಪ್ಪನ ರೇಡಿಯೊ ಹುಚ್ಚು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ನಮ್ಮ ಮನೆಯಲ್ಲಿ ಹೊತ್ತು ಗೊತ್ತೆಲ್ಲ ಅದರದೇ. ಅಪ್ಪ ರೇಡಿಯೊದ ಪಕ್ಕ ಉದ್ದನೆಯ ಖಾತೆ ಪುಸ್ತಕವೊಂದನ್ನು ಇಟ್ಟುಕೊಂಡಿದ್ದರು, ಕಿರಾಣಿ ಅಂಗಡಿಯವರು ಇಡುವಂಥ ಕೆಂಪು ರಟ್ಟಿನದು. ಹಾಡು ಮುಗಿದು ಉದ್ಘೋಷಕರ ದನಿ ಬಂದ ಕೂಡಲೇ ಪೆನ್ಸಿಲ್ ಓಡುತ್ತಿತ್ತು. ರಾಗ, ತಾಳ, ಗಾಯಕರು, ತಬಲಾ ಸಾಥ್, ಹಾರ್ಮೋನಿಯಂ ಸಾಥ್. ಸರಿಯಾಗಿ ಕೇಳಿಸದಿದ್ದರೆ ಪಕ್ಕದಲ್ಲಿ ಪ್ರಶ್ನೆಯ ಗುರುತು. ಆ ಹೆಸರು ಮತ್ತೊಂದು ದಿನ ಬಂದಾಗ ಹಳೆಯ ಪುಟಕ್ಕೆ ಹೋಗಿ ಗುರುತನ್ನು ರಬ್ಬರಿನಿಂದ ಅಳಿಸಿ ಸರಿ ಮಾಡುತ್ತಿದ್ದರು. ಅಳಿಸಿದ ಕಡೆಗಳಲ್ಲೆಲ್ಲ ಕಾಗದ ತೆಳುವಾಗಿ ಹಿಂದಿನ ಪುಟ ಕಾಣುತ್ತದೆ.

ಆ ಪುಸ್ತಕದಲ್ಲಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹೆಸರಿನ ಮುಂದೆ "ಬಸಂತಿ ಕೇದಾರ" ಎಂದಿದೆ. ಬಸಂತ್, ಕೇದಾರ ಎರಡನ್ನೂ ಹೆಣೆದ ಜೋಡ್ ರಾಗ, ಅಪ್ಪನಿಗೆ ಹೊಸದು. ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮನ್ಸೂರರು ಮಂಜಿ ಖಾನ್, ಬುರ್ಜಿ ಖಾನ್ ಅವರಲ್ಲಿ ಕಲಿತವರು, ಇಬ್ಬರೂ ಹೆಸರಾಂತ ಗಾಯಕ ಅಲ್ಲಾದಿಯಾ ಖಾನರ ಮಕ್ಕಳು. ಆ ಎಳೆ ಹಿಡಿದರೆ ಅದೇ ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರ್ ಸಿಗುತ್ತಾರೆ, ಮುಂದೆ ಅದೇ ಪರಂಪರೆಯ ಗಾಯಕಿ ಕಿಶೋರಿ ಅಮೋಣಕರ್ ಸಿಗುತ್ತಾರೆ. ಅಪ್ಪ ಬರೆದಿಟ್ಟ ಆ ಎರಡು ಶಬ್ದ ಹಿಡಿದುಕೊಂಡು ನಾನು ಕೇಸರಬಾಯಿಯವರ ಹಳೆಯ ಧ್ವನಿಮುದ್ರಣಗಳನ್ನು ಅಂತರ್ಜಾಲದಲ್ಲಿ ಹುಡುಕಿ ಕೇಳಿದೆ. ಐವತ್ತರ ಹತ್ತಿರದ ವಯಸ್ಸಿನಲ್ಲಿ ನನಗೆ ಸಿಕ್ಕ ಅತ್ಯಂತ ಹೊಸ ಸಂಗೀತ ಅದು. ಅದರ ಧ್ವನಿಮುದ್ರಣಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು, ನಿಜ. ನಾನು ಕೇಳಿರಲಿಲ್ಲ, ಅದಕ್ಕೇ ಹೊಸದು.

ಇದರಲ್ಲಿ ಕಳ್ಳತನವೇನೂ ಇಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಇರುವುದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಮೂರು ಮೂರೂವರೆ ನಿಮಿಷದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಕಾಲದ್ದು ಬಹುಪಾಲು ಆ ಗಡಿ ದಾಟಿದೆ. ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಪುಣ್ಯಾತ್ಮರು ಸಾವಿರಾರು ತಟ್ಟೆಗಳನ್ನು ಏರಿಸಿ ಇಟ್ಟಿದ್ದಾರೆ, ಎಷ್ಟೋ ಕಡೆ ತಟ್ಟೆಯ ಲೇಬಲಿನ ಫೋಟೊ ಸಮೇತ.

ಆ ತಟ್ಟೆಗಳಲ್ಲಿ ನನ್ನ ಮೈ ನವಿರೇಳಿಸಿದ್ದು ಗಾಯಕಿ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡದ್ದು. ಹಾಡು ಮುಗಿದ ಮರುಕ್ಷಣ ಆಕೆ ಗಟ್ಟಿಯಾಗಿ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಕೂಗಿ ಹೇಳುತ್ತಾರೆ. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲಿ ಎಂದು ಈ ಏರ್ಪಾಡು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು, ಆಕೆ 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಆಕೆ ಹೋಗಿ ತೊಂಬತ್ತು ವರ್ಷ ದಾಟಿದ ಮೇಲೂ ಆ ಮೂರು ನಿಮಿಷದ ಕೊನೆಯಲ್ಲಿ ಹೆಸರು ಹಾಗೆಯೇ ಇದೆ. ಯಾವ ಆ್ಯಪೂ ಅದನ್ನು ಕತ್ತರಿಸಿ ಬಿಸಾಡಲಾರದು, ಯಾಕೆಂದರೆ ಅದು ದನಿಯೊಳಗೇ ಇದೆ.

ನಮ್ಮವರಿಗೆ ಇದು ಎಂದೋ ಗೊತ್ತಿತ್ತು. ವಚನ, ಕೀರ್ತನೆಗಳಲ್ಲಿ ರಚಿಸಿದವರ ಗುರುತಾದ ಅಂಕಿತ ಇರುವುದು ಮತ್ತೇನು? ಜಾತ್ರೆಯಲ್ಲಿ ಯಾರೋ ಭಜನೆಯವರು ಹಾಡುತ್ತಿರಲಿ, ಬಸ್ಸಿನಲ್ಲಿ ಕುರುಡ ಅಜ್ಜ ಏಕತಾರಿ ಹಿಡಿದು ಹಾಡುತ್ತಿರಲಿ, ಕೊನೆಯ ಸಾಲಿನಲ್ಲಿ ಚೆನ್ನಮಲ್ಲಿಕಾರ್ಜುನ ಬಂದರೆ ಅಕ್ಕಮಹಾದೇವಿ, ಗುಹೇಶ್ವರ ಬಂದರೆ ಅಲ್ಲಮ, ಕಾಗಿನೆಲೆಯಾದಿಕೇಶವ ಬಂದರೆ ಕನಕದಾಸರು. ಕೇಳಿದವನು ಮನೆಗೆ ಹೋಗಿ ಆ ಅಂಕಿತದ ಇನ್ನೊಂದು ಪದ ಹುಡುಕಬಹುದು. ತಿಂಗಳ ಬಾಡಿಗೆ ಕಟ್ಟದೆ, ಯಾವ ಯಂತ್ರದ ಶಿಫಾರಸೂ ಇಲ್ಲದೆ ಹೊಸ ಹಾಡುಗಳನ್ನು ಹುಡುಕಿಕೊಂಡ ನಾಡು ನಮ್ಮದು.

ನಾನೂ ದುಡ್ಡು ಕಟ್ಟಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಅಪ್ಪ ಹೋದ ವರ್ಷ ರೇಡಿಯೊ ಹಚ್ಚಲು ಕೈ ಬರುತ್ತಿರಲಿಲ್ಲ. ಆ ದನಿ ಕೇಳಿದರೆ ಪಕ್ಕದ ಕುರ್ಚಿ ಖಾಲಿ ಕಾಣುತ್ತಿತ್ತು. ಇಡೀ ವರ್ಷದ ಚಂದಾ ಒಮ್ಮೆಲೇ ಕಟ್ಟಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅಷ್ಟು ಗಂಟೆ ಸಂಗೀತವನ್ನು ಜೀವನದಲ್ಲೇ ಕೇಳಿರಲಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು, ಉಸಿರು ಬಿಡುವಷ್ಟೂ ಬಿಡುವಿಲ್ಲದೆ. ವರ್ಷ ಮುಗಿದಾಗ ಯೋಚಿಸಿದೆ: ಆ ಹನ್ನೆರಡು ತಿಂಗಳಲ್ಲಿ ಹೊಸದಾಗಿ ಕಲಿತ ಕಲಾವಿದರ ಹೆಸರು ಯಾವುದು? ಒಂದೂ ನೆನಪಾಗಲಿಲ್ಲ. ಭೀಮಸೇನ ಜೋಶಿಯವರನ್ನು ಕೇಳಿದರೆ ಮತ್ತೆ ಭೀಮಸೇನ ಜೋಶಿಯವರನ್ನೇ ಕೊಟ್ಟಿತ್ತು. ಅವರನ್ನು ಎಷ್ಟು ಕೇಳಿದರೂ ಬೇಸರವಿಲ್ಲ, ಆದರೆ ಅವರು ನನಗೆ ತೊಟ್ಟಿಲಿನಿಂದಲೇ ಗೊತ್ತು.

ಗೆಳೆಯರೊಬ್ಬರು, ಒಳಗೆಲ್ಲೋ ಒತ್ತಿದರೆ ಹೆಸರುಗಳು ಬರುತ್ತವೆ, ನೀವು ಸರಿಯಾಗಿ ನೋಡಿಲ್ಲ ಎಂದರು. ಇಂದು ಬೆಳಿಗ್ಗೆ ಕೂತು ಒತ್ತಿ ನೋಡಿದೆ. ನಾನು ನೋಡಿದ ಹಳೆಯ ಧ್ವನಿಮುದ್ರಣಗಳಲ್ಲಿ ಒಂದರಲ್ಲೂ ತಬಲಾದವರ ಹೆಸರು ಸಿಗಲಿಲ್ಲ. ದುಡ್ಡು ಕಟ್ಟಿದರೆ ಕಲಾವಿದರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬ ಮಾತೂ ಬಂತು. ಕಲಾವಿದರಿಗೆ ಹಣ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಕಛೇರಿಗೆ ಹೋಗೋಣ, ಟಿಕೆಟ್ ಇದ್ದರೆ ಕೊಳ್ಳೋಣ, ಅವರು ತಾವೇ ಮಾರುವ ಸಿ.ಡಿ. ಕೊಳ್ಳೋಣ. ಹೆಸರನ್ನೇ ಬರೆಯದೆ ಬಿಟ್ಟವರಿಗೆ ಹಣ ಮುಟ್ಟುತ್ತದೆಂದು ನಾನು ಹೇಗೆ ನಂಬಲಿ?

ಉಚಿತವಾಗಿ ಸಿಗುವುದು ಎಷ್ಟಿದೆ ಎಂದು ಅಕ್ಕನ ಮಗನಿಗೆ ಹೇಳಬೇಕಿತ್ತು, ಆ ಹೊತ್ತಿಗೆ ತೋಚಲಿಲ್ಲ. ಆಕಾಶವಾಣಿಯ ರಾಗಂ ವಾಹಿನಿ 2016ರ ಗಣರಾಜ್ಯೋತ್ಸವದಂದು ಬೆಂಗಳೂರಿನಿಂದ ಶುರುವಾಯಿತು. ಹಿಂದುಸ್ತಾನಿ, ಕರ್ನಾಟಕಿ ಎರಡೂ, ಮೊಬೈಲಿನಲ್ಲೇ ಕೇಳಬಹುದು. ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿಯ ಮುಂದೆ 1962ರಿಂದ ಬೀದಿಯಲ್ಲೇ ಪೆಂಡಾಲು ಹಾಕಿ ಕಛೇರಿ ನಡೆಸುತ್ತಾರೆ. ತಂಗಿಯ ಮನೆಗೆ ಹೋದಾಗ ನಾನೂ ಅಲ್ಲಿ ಕೂತಿದ್ದೇನೆ. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಮುಗಿದು ಚಪ್ಪಾಳೆ ಬಿದ್ದಾಗ ಪಕ್ಕದ ಕುರ್ಚಿಯ ಹಿರಿಯರನ್ನು "ಘಟಂ ಯಾರು ಸರ್?" ಎಂದು ಕೇಳಿದೆ. ಅವರು ಹೆಸರು ಹೇಳಿದರು, ಗುರುವಿನ ಹೆಸರು ಹೇಳಿದರು, ಅದೇ ಕಲಾವಿದರು ಮುಂದೆ ಯಾವ ಊರಿನಲ್ಲಿ, ಯಾವ ದಿನ ನುಡಿಸುತ್ತಾರೆ ಎಂಬುದನ್ನೂ ಹೇಳಿದರು. ಎರಡು ನಿಮಿಷದಲ್ಲಿ ಒಬ್ಬ ಅಪರಿಚಿತರಿಂದ ನನಗೆ ಸಿಕ್ಕಿದ್ದು ಇಷ್ಟು.

ಅಕ್ಕನ ಮಗನಿಗೆ ರಾತ್ರಿಯೇ ಫೋನ್ ಮಾಡಿ, ಭಾನುವಾರ ಮನೆಗೆ ಬಾ, ಅಜ್ಜನ ಪುಸ್ತಕ ತೋರಿಸುತ್ತೇನೆ ಎಂದಿದ್ದೇನೆ. ಬರುತ್ತೇನೆ ಎಂದಿದ್ದಾನೆ. ನಿನ್ನೆಯ ತಬಲಾದವರ ಹೆಸರು ಅದರಲ್ಲಿ ಇದ್ದೀತು ಎಂಬ ಆಸೆ ನನ್ನದು. ಗಂಗೂಬಾಯಿಯವರ ಹೆಸರಿರುವ ಪುಟಗಳನ್ನೆಲ್ಲ ಈಗ ತೆಗೆದಿಟ್ಟುಕೊಂಡು ಕೂತಿದ್ದೇನೆ.

ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. 1987ರ ಡಿಸೆಂಬರ್, ರಾತ್ರಿ, ಧಾರವಾಡ ಕೇಂದ್ರ. "ಸಾರಂಗಿ. ಬಾಗೇಶ್ರೀ. ಬಹಳ ಚಂದ. ಕರೆಂಟು ಹೋಯಿತು, ಹೆಸರು ಕೇಳಲಿಲ್ಲ." ಪಕ್ಕದಲ್ಲಿ ಪ್ರಶ್ನೆಯ ಗುರುತು. ಅದನ್ನು ಅಪ್ಪ ಕೊನೆಯವರೆಗೂ ಅಳಿಸಿಲ್ಲ. ಆ ರಾತ್ರಿ ಕರೆಂಟು ಇದ್ದ ಓಣಿಯವರು, ಬ್ಯಾಟರಿ ರೇಡಿಯೊ ಇಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಿಮಗೆ ಆ ಹೆಸರು ಗೊತ್ತಿದ್ದರೆ, ಕೆಳಗೆ ಬರೆಯಿರಿ.