ರೆಸಿಸ್ಟರಿನ ಸೆರಗು

ಗಿಟಾರಿನ ಫಜ್ ಪೆಡಲನ್ನು ಮನೆಯಲ್ಲೇ ಜೋಡಿಸಲೆಂದು ತರಿಸಿದ ಕಿಟ್ಟಿನ ಹಾಳೆಯಲ್ಲಿ ‘ಒಂದು ಸಂಜೆಯ ಕೆಲಸ’ ಎಂದು ಅಚ್ಚಾಗಿದೆ. ನಿನ್ನೆಗೆ ಹನ್ನೊಂದು ಸಂಜೆಗಳಾದವು. ಬೋರ್ಡಿನಲ್ಲಿ ಎರಡು ಜಾಗ, ಕೈಯಲ್ಲಿ ವಿದ್ಯುತ್ತಿಗೆ ತಡೆಯೊಡ್ಡುವ ಎರಡು ಪುಟ್ಟ ನೀಲಿ ರೆಸಿಸ್ಟರ್‌ಗಳು ಉಳಿದಿವೆ: ಒಂದು 10 ಕಿಲೋ ಓಮ್, ಇನ್ನೊಂದು 120 ಓಮ್. ತಡೆ ಎಷ್ಟೆಂಬುದನ್ನು ಮೈಮೇಲಿನ ಬಣ್ಣದ ಪಟ್ಟೆಗಳನ್ನು ಸರಿಯಾದ ತುದಿಯಿಂದ ಓದಿ ತಿಳಿಯಬೇಕು. ಮೊದಲನೆಯದರ ಪಟ್ಟೆಗಳು ಕಂದು, ಕಪ್ಪು, ಕಪ್ಪು, ಕೆಂಪು, ಕಂದು. ಎರಡನೆಯದರವು ಕಂದು, ಕೆಂಪು, ಕಪ್ಪು, ಕಪ್ಪು, ಕಂದು. ಒಂದನ್ನು ತಿರುಗಿಸಿ ಹಿಡಿದರೆ ಅದೇ ಇನ್ನೊಂದು. ಈ ಏರ್ಪಾಟನ್ನು ಒಪ್ಪಿದ ಮಹನೀಯರು ಸಂಜೆಯ ಹೊತ್ತು ಟ್ಯೂಬ್‌ಲೈಟಿನ ಕೆಳಗೆ ಒಮ್ಮೆಯೂ ಕೂತಿರಲಾರರು.

ತಡೆ ಅಳೆಯುವ ಮಲ್ಟಿಮೀಟರಿನ ಕಡ್ಡಿ ತಾಗಿಸಿದರೆ ಅರೆಗಳಿಗೆಯಲ್ಲಿ ಇತ್ಯರ್ಥವಾಗುತ್ತಿತ್ತು. ಆದರೆ ಆರನೆಯ ಸಂಜೆ, ಪೆಡಲಿನ ಕೆಂಪು ದೀಪ ಹತ್ತುತ್ತದೆಯೇ ಎಂದು ನೋಡಲು ಮೀಟರಿನ 9 ವೋಲ್ಟಿನ ಬ್ಯಾಟರಿಯನ್ನೇ ಕಿತ್ತು ಸಿಕ್ಕಿಸಿದ್ದೆ. ದೀಪ ಹತ್ತಿದ ಸಂತೋಷದಲ್ಲಿ ಅದನ್ನು ತೆಗೆಯುವುದನ್ನು ಮರೆತೆ. ಮೂಲೆಯ ಅಂಗಡಿಯಲ್ಲಿ ಗಡಿಯಾರದ ಬ್ಯಾಟರಿ ಮಾತ್ರ ಸಿಗುತ್ತದೆ.

ಅವರೆಕಾಯಿ ಸುಲಿಯುತ್ತಿದ್ದ ಅಮ್ಮ, “ಈ ಡಬ್ಬಿ ಯಾತಕ್ಕೋ?” ಎಂದಳು. ಗಿಟಾರಿನ ದನಿ ಕೆಡಿಸುವುದಕ್ಕೆ ಎಂದೆ. 1961ರಲ್ಲಿ ಹೊರಬಂದ, ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್‌ರ ಹಾಡೊಂದನ್ನು ನ್ಯಾಶ್‌ವಿಲ್‌ನಲ್ಲಿ ಮುದ್ರಿಸಿಕೊಳ್ಳುವಾಗ ಉಪಕರಣದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್‌ರ ಬೇಸ್ ಗಿಟಾರ್ ಗೊರಗುಟ್ಟಿತೆಂದೂ, ಆ ಕೆಟ್ಟ ದನಿಯೇ ಜನಕ್ಕೆ ಹಿಡಿಸಿದ್ದರಿಂದ 1962ರಲ್ಲಿ ಗಿಬ್ಸನ್ ಕಂಪನಿ ಅದನ್ನೇ ಪೆಟ್ಟಿಗೆಯೊಳಗಿಟ್ಟು ಮಾರಿತೆಂದೂ ವಿವರಿಸಿದೆ. “ನಮ್ಮ ರೇಡಿಯೋ ಹಾಗೆ ಗೊರಗುಟ್ಟಿದ್ದಕ್ಕೆ ರಿಪೇರಿಯವನಿಗೆ ದುಡ್ಡು ಕೊಟ್ಟಿದ್ವಿ” ಎಂದಷ್ಟೇ ಹೇಳಿ, ಅವಳು ಬಣ್ಣದ ಮಾತಿಗೆ ಬಂದಳು.

ಬಣ್ಣದ ವಿಷಯದಲ್ಲಿ ಅಮ್ಮ ಯಾವ ದೀಪವನ್ನೂ ನಂಬಳು. ಚಿಕ್ಕಮ್ಮನ ಮದುವೆಗೆಂದು ಚಿಕ್ಕಪೇಟೆಗೆ ಹೋದಾಗ ಅವಳು ಒಂಬತ್ತು ಸೀರೆಗಳನ್ನು ಒಂದೊಂದಾಗಿ ಅಂಗಡಿಯ ಬಾಗಿಲಿಗೆ ತರಿಸಿ ಬಿಸಿಲಿಗೆ ಹಿಡಿಸಿದ್ದಳು. ಹೊಸ್ತಿಲಾಚೆ ಚಪ್ಪಲಿ ಕಾಯುತ್ತಿದ್ದ ನನ್ನ ತಲೆಯ ಮೇಲೆ ಪ್ರತಿ ಬಾರಿಯೂ ಒಂದು ಸೀರೆಯ ಅಂಚು ಸವರಿ ಹೋಗುತ್ತಿತ್ತು. ಹತ್ತನೆಯದರ ಹೊತ್ತಿಗೆ ಸೂರ್ಯ ಎದುರಿನ ಕಟ್ಟಡದ ಹಿಂದೆ ಸರಿದಿದ್ದ. ಹುಡುಗ “ಇದು ಅಡಿಕೆ ಬಣ್ಣವೇ, ಅಕ್ಕಾ” ಎಂದು ಆಣೆಯಿಟ್ಟ. ಛತ್ರದಲ್ಲಿ ಬಿಚ್ಚಿ ನೋಡಿದರೆ ಕಾಫಿಪುಡಿ ಬಣ್ಣ. ಆ ಸೀರೆ ಇಂದಿಗೂ ಬೀರುವಿನಲ್ಲಿ ಮಡಿಕೆ ಮುರಿಯದೆ ಕೂತಿದೆ, ಆ ಹುಡುಗನ ಪ್ರಸ್ತಾಪ ಮಾತ್ರ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ.

ಇಂದು ಬೆಳಿಗ್ಗೆ ಅವಳೇ ಕನ್ನಡಕವೇರಿಸಿ ಎರಡೂ ರೆಸಿಸ್ಟರ್‌ಗಳನ್ನು ಅಂಗೈಯಲ್ಲಿಟ್ಟುಕೊಂಡು ಬಾಲ್ಕನಿಗೆ ಹೋದಳು. ಕಂದು, ಕೆಂಪು, ಕಪ್ಪು ಎಲ್ಲವನ್ನೂ ತಡವರಿಸದೆ ಹೇಳಿದಳು. ಬಳಿಕ ಒಂದನ್ನು ಆಚೀಚೆ ಹೊರಳಿಸಿ, “ಇದರ ಸೆರಗು ಯಾವ ಕಡೆ?” ಎಂದು ಕೇಳಿದಳು.

ಕೊನೆಯ ಪಟ್ಟೆಯ ಮುಂಚಿನ ಅಂತರ ಉಳಿದವುಗಳಿಗಿಂತ ಕೊಂಚ ಹೆಚ್ಚಿರಬೇಕು ಎಂದೆ. ಭೂತಗನ್ನಡಿ ತರಿಸಿಕೊಂಡು ನೋಡಿದಳು. ಅಂತರಗಳೆಲ್ಲ ಒಂದೇ ಸಮನಾಗಿದ್ದವು.

“ಸೆರಗು ಗೊತ್ತಾಗದ ಸೀರೆ ಯಾಕೋ ತಗೊಂಡೆ? ವಾಪಸ್ ಕೊಟ್ಟು ಬಾ” ಎಂದು ಅವೆರಡನ್ನೂ ನನ್ನ ಕೈಗಿತ್ತು, ಅವರೆಕಾಯಿಯ ಮೊರದತ್ತ ನಡೆದಳು.